ಕತ್ತೆತಲೆಯ ಶಿಲುಬೆ

ಕೇಳುಗರಿಗೆ ನಮಸ್ಕಾರ.

ಇವತ್ತು ಪವಿತ್ರ ಗುರುವಾರ, ನಾಳೆ ಶುಭ ಶುಕ್ರವಾರ. ರೇಡಿಯೊ ಹಾಕಿಕೊಂಡು ದೋಸೆ ಹುಯ್ಯುತ್ತಿರುವವರು, ಅಂಗಡಿ ಬಾಗಿಲು ತೆಗೆಯುತ್ತಿರುವವರು, ನಿಮಗೇ ಹೇಳುತ್ತಿದ್ದೇನೆ. ನೀವು ಕ್ರೈಸ್ತರಾಗಿರಬೇಕು ಅಂತೇನಿಲ್ಲ. ನನ್ನ ಹತ್ತಿರ ಇರುವುದು ಒಂದೇ ಮಾತು. ಅದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ.

ಮಾರುವೇಷದ ರಾಜನ ಕಥೆ ಎಲ್ಲರೂ ಕೇಳಿದ್ದೀರಿ, ಅಲ್ವಾ? ರಾತ್ರಿ ಕಂಬಳಿ ಹೊದ್ದು ಊರು ಸುತ್ತುತ್ತಾನೆ. ಯಾರೋ ಗದರುತ್ತಾರೆ, ತಳ್ಳುತ್ತಾರೆ. ಕೊನೆಗೆ ಕಂಬಳಿ ಸರಿಸಿದರೆ ಒಳಗೆ ಕಿರೀಟ! ತಳ್ಳಿದವನು ನಡುಗುತ್ತಾ ಕಾಲಿಗೆ ಬೀಳುತ್ತಾನೆ. ಯೇಸುವಿನ ಕಥೆಯನ್ನೂ ಎಷ್ಟೋ ಜನ ಹೀಗೇ ಹೇಳುತ್ತಾರೆ. ದೇವರು ಸ್ವಲ್ಪ ಕಾಲ ಬಡವನ ಹಾಗೆ ಇದ್ದ, ಶಿಲುಬೆಯಲ್ಲಿ ಸುಮ್ನೆ ಸಹಿಸಿಕೊಂಡ, ಮೂರನೇ ದಿನ ಸಾವಿನಿಂದ ಎದ್ದು ತನ್ನ ನಿಜವಾದ ಬಲ ತೋರಿಸಿದ ಅಂತ. ನಮ್ಮ ಚರ್ಚುಗಳಲ್ಲೇ ಇಂಥ ಪ್ರಸಂಗ ಕೇಳಿದ್ದೇನೆ. ಕೂತಲ್ಲೇ ಕಿರಿಕಿರಿ ಆಗುತ್ತದೆ ನನಗೆ. ಸ್ವಾಮಿ, ಇದು ಮಾರುವೇಷ ಅಲ್ಲ. ಶಿಲುಬೆಯ ಮೇಲೆ ಕಂಡಿತಲ್ಲ, ಅದೇ ದೇವರ ಬಲ. ಕಂಬಳಿಯ ಒಳಗೆ ಬೇರೆ ಕಿರೀಟ ಇಲ್ಲ.

ಶಿಲುಬೆ ಅಂದರೆ ಏನು ಅನ್ನೋದೇ ನಮಗೆ ಮರೆತುಹೋಗಿದೆ. ಈಗ ಅದು ಚಿನ್ನದ ಸರದಲ್ಲಿ ತೂಗುತ್ತದೆ. ರೋಮನ್ನರ ಕಾಲದಲ್ಲಿ ಅದು ಗುಲಾಮರಿಗೂ ದಂಗೆಕೋರರಿಗೂ ಇಟ್ಟಿದ್ದ ಸಾವು. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್ ಎಂಬ ಗುಲಾಮನ ದಂಗೆ ಮುರಿದ ಮೇಲೆ ಕಪುವಾ ಎಂಬ ಊರಿಂದ ರೋಮ್‌ವರೆಗೆ ದಾರಿಯುದ್ದಕ್ಕೂ 6,000 ಜನರನ್ನು ಶಿಲುಬೆಗೆ ಏರಿಸಿದರು. ಶಿಲುಬೆ ಎಂಬ ಹೆಸರೇ ರೋಮ್‌ನ ಪ್ರಜೆಯ ಕಿವಿಗೆ ಬೀಳಬಾರದು ಅಂತ ಅಲ್ಲಿನ ವಕೀಲ ಸಿಸೆರೊ ವಾದ ಮಾಡಿದ್ದ.

ಈಗ ನನ್ನ ಇಷ್ಟದ ಕಥೆ. ಪಾದ್ರಿಯಾಗಲು ಓದುವ ನಮ್ಮ ಸೆಮಿನರಿಯ ಹುಡುಗರಿಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ, ನಿಮಗೆ ಹೊಸದಿರಬಹುದು.

ರೋಮ್‌ನಲ್ಲಿ ಪ್ಯಾಲಟೈನ್ ಅಂತ ಒಂದು ಗುಡ್ಡ. ಚಕ್ರವರ್ತಿಗಳ ಅರಮನೆ ಇದ್ದ ಜಾಗ. 1857ರಲ್ಲಿ ಅಲ್ಲಿ ಅಗೆಯುವಾಗ ಒಂದು ಹಳೆಯ ಕಟ್ಟಡದ ಗಾರೆ ಗೋಡೆಯ ಮೇಲೆ ಗೀಚಿದ ಚಿತ್ರ ಸಿಕ್ಕಿತು. ಅರಮನೆಯ ಊಳಿಗದ ಹುಡುಗರು ಕಲಿಯುತ್ತಿದ್ದ ಕಟ್ಟಡ ಅದು ಎನ್ನುತ್ತಾರೆ. ಚಿತ್ರ ಸುಮಾರು ಕ್ರಿ.ಶ. 200ರ ಹೊತ್ತಿನದು. ನಮ್ಮ ಮಕ್ಕಳು ಕೈವಾರದ ಮೊನೆಯಲ್ಲಿ ಶಾಲೆಯ ಬೆಂಚು ಕೆರೆಯುತ್ತಾರಲ್ಲ, ಥೇಟ್ ಹಾಗೇ ಇದೆ. ಒಂದು ಶಿಲುಬೆ. ಅದರ ಮೇಲೆ ನಮಗೆ ಬೆನ್ನು ಹಾಕಿದ ಒಬ್ಬ ಮನುಷ್ಯ. ತಲೆ ಮಾತ್ರ ಕತ್ತೆಯದು! ಕೆಳಗೆ ಎಡಗಡೆ ಒಬ್ಬ ಹುಡುಗ ಕೈ ಎತ್ತಿ ನಿಂತಿದ್ದಾನೆ. ಗ್ರೀಕ್‌ನಲ್ಲಿ ಒಂದು ಸಾಲು: ‘ಅಲೆಕ್ಸಾಮೆನೋಸ್ ದೇವರನ್ನು ಪೂಜಿಸುತ್ತಾನೆ.’ ಕಾಗುಣಿತವೂ ತಪ್ಪು.

ಶಿಲುಬೆಗೇರಿದ ಯೇಸುವಿನ ತೀರಾ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಬರೆದವನು ಭಕ್ತ ಅಲ್ಲ, ಗೇಲಿ ಮಾಡಿದವನು. ಅಲ್ಲಿನ ಮ್ಯೂಸಿಯಂನಲ್ಲಿ ನಾನು ಅದರ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆ. ಜೊತೆಯವರು ಊಟಕ್ಕೆ ಹೊತ್ತಾಯಿತು ಅಂತ ಎರಡು ಸಲ ಬಂದು ಕರೆದರು. ನನಗೆ ಅನಿಸಿದ್ದು ಇಷ್ಟು: ಪ್ರಸಂಗ ಮಾಡುವ ನಮಗಿಂತ ಆ ಕಿಡಿಗೇಡಿಗೆ ವಿಷಯ ಚೆನ್ನಾಗಿ ಅರ್ಥವಾಗಿತ್ತು. ಇವರ ದೇವರು ಗುಲಾಮನ ಹಾಗೆ ಸತ್ತವನು, ಅದನ್ನು ಇವರು ಮುಚ್ಚಿಡುತ್ತಲೂ ಇಲ್ಲ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ನಗು ಬಂತು.

ಕಥೆ ಮುಗಿದಿಲ್ಲ. ಪಕ್ಕದ ಕೋಣೆಯಲ್ಲಿ ಬೇರೆ ಕೈಬರಹದಲ್ಲಿ ಎರಡೇ ಪದ ಸಿಕ್ಕಿವೆ, ಈ ಸಲ ಲ್ಯಾಟಿನ್‌ನಲ್ಲಿ: ‘ಅಲೆಕ್ಸಾಮೆನೋಸ್ ನಂಬಿಗಸ್ತ.’ ಅಲೆಕ್ಸಾಮೆನೋಸನೇ ಬರೆದಿರಬೇಕು ಅಂತ ನನ್ನ ಆಸೆ. ನಮ್ಮ ದೇವರು ಆಮೇಲೆ ಸಿಂಹ ಆದ, ನೋಡ್ತಾ ಇರಿ ಅಂತ ಅಲ್ಲಿ ಬರೆದಿಲ್ಲ. ಗೇಲಿಗೆ ಗೇಲಿ ಇಲ್ಲ. ಶಿಲುಬೆಯನ್ನು ಅಳಿಸಿಯೂ ಇಲ್ಲ.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷ. ಮೊದಮೊದಲು ಯೇಸುವಿನ ಸುದ್ದಿ ಸಾರಿದ ಸಂತ ಪೌಲನ ಬಗ್ಗೆ ನಾಲ್ಕು ಹಾಳೆ ಬರೆದು ತಂದಿದ್ದೆ, ಹೋಗಲಿ. ಒಂದು ಮಾತು ಹೇಳಿಬಿಡುತ್ತೇನೆ. ಪೌಲನಿಗೆ ಮೈಯಲ್ಲಿ ಮುಳ್ಳು ಚುಚ್ಚಿದಂಥ ಒಂದು ಬಾಧೆ ಇತ್ತು. ಏನು ಅಂತ ಅವನು ಹೇಳಿಲ್ಲ. ತೆಗೆದುಬಿಡು ಅಂತ ದೇವರನ್ನು ಮೂರು ಸಲ ಬೇಡಿಕೊಂಡ. ನನ್ನ ಕೃಪೆ ನಿನಗೆ ಸಾಕು, ಬಲಹೀನತೆಯಲ್ಲೇ ನನ್ನ ಬಲ ಪೂರ್ತಿಯಾಗುತ್ತದೆ ಅಂತ ಉತ್ತರ ಬಂತು. ಬೈಬಲ್‌ನಲ್ಲಿದೆ, ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರ, 12ನೇ ಅಧ್ಯಾಯ. ಬಲಹೀನತೆ ಹೋದ ಮೇಲೆ ಅಲ್ಲ. ಬಲಹೀನತೆಯಲ್ಲೇ. ಮಾರುವೇಷ ಅಲ್ಲ ಅಂತ ನಾನು ಬಡ್ಕೊಳ್ಳುತ್ತಿರುವುದು ಇದನ್ನೇ.

ಇವತ್ತು ಸಂಜೆ ನಮ್ಮ ಚರ್ಚುಗಳಲ್ಲಿ ಹನ್ನೆರಡು ಜನರ ಕಾಲು ತೊಳೆಯುತ್ತೇವೆ. ಕೊನೆಯ ಊಟದ ರಾತ್ರಿ ಯೇಸು ಮೇಲುಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಕಟ್ಟಿ ಶಿಷ್ಯರ ಕಾಲು ತೊಳೆದ. ಅದು ಆಳಿನ ಕೆಲಸ. ಕಾಲು ತೊಳೆಸಿಕೊಳ್ಳಲು ಬರುವ ನಮ್ಮವರು ಮನೆಯಲ್ಲೇ ಚೆನ್ನಾಗಿ ತೊಳೆದು, ಹೊಸ ಚಪ್ಪಲಿ ಹಾಕಿ ಬರುತ್ತಾರೆ! ಒಂದು ವರ್ಷ ಗಾರೆ ಕೆಲಸದ ಹಿರಿಯರೊಬ್ಬರು ಕಾಲು ಹಿಂದಕ್ಕೆ ಎಳೆದುಕೊಂಡರು. “ಬೇಡ ಫಾದರ್, ನೀವು ಮುಟ್ಟಿದರೆ ನನಗೆ ಪಾಪ ಬರುತ್ತೆ” ಅಂದರು. ಯೇಸುವಿನ ಶಿಷ್ಯ ಪೇತ್ರನೂ ಅವತ್ತು ಬೇಡ ಅಂತಲೇ ಹಟ ಹಿಡಿದಿದ್ದ. ಕಾಲು ಮುಟ್ಟುವುದು ಚಿಕ್ಕವರ ಕೆಲಸ, ದೊಡ್ಡವರು ಬಗ್ಗಿದರೆ ನಮಗೆ ನೋಡೋಕಾಗಲ್ಲ. ನಾನು ಮೊಣಕಾಲೂರಿ ಚೊಂಬು ಹಿಡಿದು ಹಾಗೇ ಕೂತೆ. ಹಾಡು ಮುಗಿಯಿತು. ಮೊಣಕಾಲು ನೋಯತೊಡಗಿತು. ಆಮೇಲೆ ಅವರು ಮೆಲ್ಲಗೆ ಬಲಗಾಲು ಚಾಚಿದರು. ಹಿಮ್ಮಡಿಯ ಒಡಕುಗಳಲ್ಲಿ ಬೂದುಬಣ್ಣ.

“ಸೋಪು ಹಾಕಿ ತಿಕ್ಕಿದ್ದೆ ಫಾದರ್,” ಅಂದರು. “ಸಿಮೆಂಟು ಹೋಗಲಿಲ್ಲ.”

ನಮಸ್ಕಾರ.