ಸೈಗಾನಿನ ಸುದ್ದಿ, ವಾಷಿಂಗ್ಟನ್ನಿನ ತೀರ್ಮಾನ

ಭದ್ರಾವತಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಯುದ್ಧದ ಸುದ್ದಿ ಬಂದಾಗಲೆಲ್ಲ ಶಿವಮೊಗ್ಗದ ಪತ್ರಿಕೆ ಅಂಗಡಿಗಳ ಮುಂದೆಯೂ ತೀರ್ಥಹಳ್ಳಿಯ ಹೋಟೆಲುಗಳಲ್ಲಿಯೂ ಒಂದು ಮಾತು ಕೇಳಿಬರುತ್ತದೆ: ಸರ್ಕಾರಗಳನ್ನು ಕುಣಿಸುವವರು ಪತ್ರಿಕೆಯವರೇ ಎಂದು. ಈ ಮಾತನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. ಕಾರಣ, 1963ರ ವಿಯೆಟ್ನಾಂ.

ಆಗ ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ದಿಯೆಮ್, ಕಮ್ಯುನಿಸ್ಟರ ವಿರುದ್ಧದ ಯುದ್ಧದಲ್ಲಿ ಅಮೆರಿಕದ ಮಿತ್ರ. ಬೌದ್ಧರೇ ಹೆಚ್ಚಾಗಿದ್ದ ನಾಡನ್ನು ಆಳುತ್ತಿದ್ದ ಈ ಕ್ಯಾಥೊಲಿಕ್ ನಾಯಕನ ಸರ್ಕಾರ, ಮೇ ತಿಂಗಳಲ್ಲಿ ಬುದ್ಧ ಜಯಂತಿಯ ಹೊತ್ತಿಗೆ ಹ್ಯೂ ನಗರದಲ್ಲಿ ಬೌದ್ಧ ಧ್ವಜ ಹಾರಿಸಲು ಬಿಡಲಿಲ್ಲ; ಪ್ರತಿಭಟನೆಯಲ್ಲಿ ಜನ ಸತ್ತರು. ಜೂನ್ 11ರಂದು ರಾಜಧಾನಿ ಸೈಗಾನಿನ ನಾಲ್ಕುರಸ್ತೆಯೊಂದರಲ್ಲಿ ಥಿಚ್ ಕ್ವಾಂಗ್ ಡುಕ್ ಎಂಬ ವೃದ್ಧ ಭಿಕ್ಷು ಪ್ರತಿಭಟಿಸಿ ತಾವೇ ಬೆಂಕಿ ಹಚ್ಚಿಕೊಂಡು, ಕುಳಿತ ಭಂಗಿ ಕದಲದೆ ಅಗ್ನಿಗೆ ಆಹುತಿಯಾದರು. ವಿದೇಶಿ ವರದಿಗಾರರಿಗೆ ಹಿಂದಿನ ದಿನವೇ ಸೂಚನೆ ಹೋಗಿತ್ತು. ಇನ್ನೊಬ್ಬ ಭಿಕ್ಷು ಮೈಕಿನಲ್ಲಿ ವಿಯೆಟ್ನಾಮೀಸಿನ ಜೊತೆಗೆ ಇಂಗ್ಲಿಷಿನಲ್ಲಿಯೂ ಘೋಷಿಸುತ್ತಿದ್ದರು. ಆ ಇಂಗ್ಲಿಷ್ ಯಾರ ಕಿವಿಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಮಾಲ್ಕಮ್ ಬ್ರೌನ್ ತೆಗೆದ ಚಿತ್ರ ವಿಮಾನದಲ್ಲಿ ಮನಿಲಾ ತಲುಪಿ, ಅಲ್ಲಿಂದ ಜಗತ್ತಿಗೆಲ್ಲ ಹರಡಿತು.

ಆದರೂ ಒಂದು ಚಿತ್ರದಿಂದಲೇ ವಿದೇಶಾಂಗ ನೀತಿ ಬದಲಾಯಿತೆಂದು ಹೇಳಲಾಗದು. ಜನವರಿಯಲ್ಲಿ ಅಪ್ ಬಾಕ್ ಎಂಬಲ್ಲಿ ದಿಯೆಮ್‌ನ ಸೇನೆ ತನಗಿಂತ ಎಷ್ಟೋ ಚಿಕ್ಕ ಕಮ್ಯುನಿಸ್ಟ್ ಪಡೆಯ ಎದುರು ಸೋತಿತ್ತು. ಅಲ್ಲಿದ್ದ ಅಮೆರಿಕನ್ ಸೇನಾ ಸಲಹೆಗಾರ ಜಾನ್ ಪಾಲ್ ವ್ಯಾನ್ ಮೊದಲಾದವರ ಆಕ್ಷೇಪಗಳಿಗೆ ಸೈಗಾನಿನ ಮೇಲಧಿಕಾರಿಗಳು ಕಿವಿಗೊಡಲಿಲ್ಲ. ಅವೇ ಆಕ್ಷೇಪಗಳು ನ್ಯೂಯಾರ್ಕ್ ಟೈಮ್ಸ್‌ನ ಡೇವಿಡ್ ಹಾಲ್ಬರ್‌ಸ್ಟಾಮ್ ಮುಂತಾದವರ ವರದಿಗಳಾಗಿ ವಾಷಿಂಗ್ಟನ್ನಿನ ಮೇಜುಗಳನ್ನು ಸೇರಿದವು. ಸರ್ಕಾರ ತನ್ನದೇ ಅಧಿಕಾರಿಗಳ ಸಂದೇಹವನ್ನು ಪತ್ರಿಕೆಯಲ್ಲಿ ಓದಿ ಸಿಡಿಮಿಡಿಗೊಂಡಿತು ಎಂಬುದು ಈ ಕತೆಯ ಸ್ವಾರಸ್ಯ.

ಮಾಧ್ಯಮವನ್ನು ಅಮೆರಿಕದ ಅಧ್ಯಕ್ಷ ಕೆನಡಿಯವರೂ ಬಳಸದೆ ಬಿಡಲಿಲ್ಲ. ದಿಯೆಮ್ ಸರ್ಕಾರ ಜನಸಂಪರ್ಕ ಕಳೆದುಕೊಂಡಿದೆ ಎಂಬ ಎಚ್ಚರಿಕೆಯನ್ನು ಸೆಪ್ಟೆಂಬರ್ 2ರಂದು ಸಿಬಿಎಸ್ ಟೆಲಿವಿಷನ್ನಿನ ವಾಲ್ಟರ್ ಕ್ರಾಂಕೈಟ್‌ಗೆ ಕೊಟ್ಟ ಸಂದರ್ಶನದಲ್ಲಿಯೇ ಆಡಿದರು. ಮರುತಿಂಗಳೇ ಹಾಲ್ಬರ್‌ಸ್ಟಾಮ್‌ನನ್ನು ಸೈಗಾನಿನಿಂದ ಎತ್ತಂಗಡಿ ಮಾಡಬಾರದೇಕೆ ಎಂದು ಪತ್ರಿಕೆಯ ಪ್ರಕಾಶಕರಿಗೆ ಸೂಚಿಸಿದವರೂ ಅವರೇ, ಪತ್ರಿಕೆ ಒಪ್ಪಲಿಲ್ಲ.

ನವೆಂಬರ್ 1ರಂದು ಸೇನಾಧಿಕಾರಿಗಳು ದಂಗೆಯೆದ್ದರು, ಅಮೆರಿಕ ತಡೆಯಲಿಲ್ಲ, ಮರುದಿನ ದಿಯೆಮ್ ಹತನಾದ. ಆ ವರ್ಷ ವರದಿಗಾರರಲ್ಲಿ ಹೆಚ್ಚಿನವರು ವಿರೋಧಿಸಿದ್ದು ಯುದ್ಧವನ್ನಲ್ಲ, ಈ ಮಿತ್ರನೊಂದಿಗೆ ಯುದ್ಧ ಗೆಲ್ಲಬಹುದೆಂಬ ನಂಬಿಕೆಯನ್ನು. ಮಿತ್ರ ಹೋದ, ಯುದ್ಧ ಉಳಿಯಿತು; 1965ರ ಮಾರ್ಚಿನಲ್ಲಿ ಅಮೆರಿಕದ ಮರೀನ್ ಪಡೆಗಳು ಡಾ ನಾಂಗ್‌ನಲ್ಲಿ ಬಂದಿಳಿದವು.