ಬಂಕಾಪುರದ ತೋಳಕ್ಕೆ ಗಿಡ ಬ್ಯಾಡ, ಹುಲ್ಲು ಬೇಕು

ವನ್ಯಜೀವಿ ಸಪ್ತಾಹ ಬಂತೆಂದರೆ ನಮ್ಮಲ್ಲಿ ಮೊದಲು ಸಸಿ ನೆಡುತ್ತಾರೆ. ಕೊಪ್ಪಳದ ಈ ಸಭೆಯಲ್ಲಿ ನಿಂತು ಅದಕ್ಕೇ ತಕರಾರು ತೆಗೆಯುತ್ತಿದ್ದೇನೆ, ಸಂಘಟಕರು ಕ್ಷಮಿಸಬೇಕು. ಶಾಲೆಯ ಅಂಗಳದಲ್ಲಿ, ರಸ್ತೆ ಬದಿಗೆ ಎಷ್ಟಾದರೂ ನೆಡ್ರಿ. ಗಂಗಾವತಿ ಪಕ್ಕದ ಬಂಕಾಪುರ ತೋಳಧಾಮದ ಬಯಲಿನಲ್ಲಿ ಮಾತ್ರ ಬ್ಯಾಡ.

ಮೊದಲು ದೇಶದ ದೊಡ್ಡ ಸುದ್ದಿ. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾ ಗ್ವಾಲಿಯರ್‌ಗೆ ವಿಮಾನದಲ್ಲಿ, ಅಲ್ಲಿಂದ ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ಹೆಲಿಕಾಪ್ಟರ್‌ನಲ್ಲಿ ಬಂದವು. ಮರುವರ್ಷ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಇನ್ನೂ ಹನ್ನೆರಡು. ನಮ್ಮ ತೋಳ ವಿಮಾನ ಹತ್ತಿಲ್ಲ, ಅದಕ್ಕೇ ಪೇಪರಿನ ಮುಖಪುಟದಲ್ಲೂ ಇಲ್ಲ. ಇರಲಿ. 2023ರ ಮಳೆಗಾಲದಲ್ಲಿ ಕುನೋದಲ್ಲಿ ಏನಾಯಿತು ನೋಡ್ರಿ. ಆಫ್ರಿಕಾದ ಆ ಭಾಗಕ್ಕೆ ಜೂನ್‌ನಿಂದ ಚಳಿಗಾಲ. ಚೀತಾದ ಮೈ ಅಲ್ಲಿನ ಲೆಕ್ಕವನ್ನೇ ಹಿಡಿದು ದಪ್ಪ ಕೂದಲು ಬೆಳೆಸಿತು. ಇಲ್ಲಿ ಸುರಿಯುತ್ತಿದ್ದದ್ದು ಮುಂಗಾರು. ಒದ್ದೆ ಕೂದಲು, ಅದರ ಮೇಲೆ ರೇಡಿಯೊ ಕಾಲರ್. ಮೊದಲು ಹುಣ್ಣು, ಆಮೇಲೆ ಹುಳ, ಕೊನೆಗೆ ರಕ್ತಕ್ಕೆ ನಂಜು. ಜುಲೈ, ಆಗಸ್ಟ್‌ನೊಳಗೆ ಹೀಗೆ ಮೂರು ಸತ್ತವು. ಹುಲ್ಲುಗಾವಲು ಉಳಿಸುವ ಹೆಸರಿನಲ್ಲಿ ಹೊರಟ ಯೋಜನೆ ಅದು, ನಡೆಯಲಿ. ಆದರೆ ಇಲ್ಲಿಯ ಮಳೆ, ಬಿಸಿಲು, ಬರ ಎಲ್ಲ ಮೈಗೂಡಿದ ಬೇಟೆಗಾರ ಗಂಗಾವತಿ ಪಕ್ಕದಲ್ಲೇ ಇರುವಾಗ ಅದರ ಬಯಲಿಗೆ ಯಾರು ದುಡ್ಡು ಇಡುತ್ತಾರೆ?

ಈಗಿನ ಜಾರ್ಖಂಡ್‌ನಲ್ಲಿ 1976ರಲ್ಲೇ ತೋಳಕ್ಕೊಂದು ಧಾಮವಾಯಿತು. ಕರ್ನಾಟಕಕ್ಕೆ ಬಂಕಾಪುರವೇ ಮೊದಲನೆಯದು. ವಿಸ್ತಾರ 332 ಹೆಕ್ಟೇರ್, ನಮ್ಮ ಲೆಕ್ಕಕ್ಕೆ 822 ಎಕರೆ. ಚದರ ಕಿಲೋಮೀಟರ್‌ಗೆ ತಿರುಗಿಸಿದರೆ ಮೂರಕ್ಕೆ ಸ್ವಲ್ಪ ಮೇಲೆ. ಒಂದು ತೋಳದ ಹಿಂಡು ನೂರು, ಇನ್ನೂರು ಚದರ ಕಿಲೋಮೀಟರ್ ಸುತ್ತುವಂಥದ್ದು. ಹಾಗಾಗಿ ಬಂಕಾಪುರ ಅದಕ್ಕೆ ಬಾಣಂತಿ ಕೋಣೆ ಅಷ್ಟೇ, ಓಡಾಟವೆಲ್ಲ ನಿಮ್ಮ ಹೊಲ, ಗೋಮಾಳಗಳಲ್ಲಿ. ಆ ಕೋಣೆಯಲ್ಲಿ ಸಸಿ ಗುಂಡಿ ತೆಗೆದರೆ ಮರಿ ಹಾಕುವ ಬಿಲವೇ ಕುಸಿಯುತ್ತದೆ. ಮರ ಬೆಳೆದು ನೆರಳಾದರೆ ಹುಲ್ಲು ಸೊರಗುತ್ತದೆ, ಮೊಲವೂ ಹೋಗುತ್ತದೆ. ಆಮೇಲೆ ತೋಳ ನೇರ ಕುರಿದಡ್ಡಿಗೇ ಬರುತ್ತದೆ.

ಇನ್ನು ಬಯಲಿನಿಂದ ತೆಗೆಯಬೇಕಾದ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಗಿಡಕ್ಕೆ ಬಳ್ಳಾರಿಯ ಹೆಸರು ಅಂಟಿದೆ, ಪಾಪ ಬಳ್ಳಾರಿಯವರು! ಇದನ್ನು ತೆಗೆಯುವುದರಲ್ಲೇ ಹೆಚ್ಚು ಎಡವಟ್ಟು ಆಗುವುದು. ನೆಲಮಟ್ಟಕ್ಕೆ ಕಡಿದರೆ ಒಂದು ಬೊಡ್ಡೆಗೆ ಹತ್ತು ಚಿಗುರು. ಚಿಗುರು ಹೊಡೆಯುವ ಕಣ್ಣು ಬೇರು-ಕಾಂಡ ಕೂಡುವಲ್ಲಿ, ಮಣ್ಣಿನೊಳಗೆ ಇರುತ್ತದೆ. ಸುತ್ತ ಅಗೆದು ಒಂದು ಅಡಿ ಆಳಕ್ಕೆ ಬೇರು ಕತ್ತರಿಸಿ ಬೊಡ್ಡೆ ಎತ್ತಬೇಕು. ಜೆಸಿಬಿ ಬಿಟ್ಟರೆ ಜಾಲಿಯ ಜೊತೆ ಹುಲ್ಲಿನ ಗಡ್ಡೆಯೂ ಎದ್ದುಹೋಗುತ್ತದೆ, ಬೋಳಾದ ಮಣ್ಣಿಗೆ ಜಾಲಿಯೇ ಮೊದಲು ಬರುತ್ತದೆ. ತೋಳ ಚಳಿಗಾಲದಲ್ಲಿ ಮರಿ ಹಾಕುತ್ತದೆ, ಮರಿ ಬಿಲ ಬಿಡುವ ತನಕ ಅತ್ತ ಹೋಗಬಾರದು. ಏಪ್ರಿಲ್, ಮೇ ಸರಿಯಾದ ಕಾಲ. ಬಿಲವಿರುವ ಪೊದೆ ಮುಟ್ಟಬೇಡಿ. ಮುಂಗಾರಿಗೆ ಮುಂಚೆ, ಇಲ್ಲೇ ಆರಿಸಿದ ಕರಡ, ಅಂಜನ ಹುಲ್ಲಿನ ಬೀಜ ಚೆಲ್ಲಿ. ಕುರಿ, ಮೇಕೆ ಜಾಲಿ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತುತ್ತವೆ. ಆದ್ದರಿಂದ ಪ್ರತಿ ಮಳೆಯ ನಂತರ ಎಳೆ ಸಸಿ ಕೈಯಿಂದ ಕೀಳಬೇಕು. ಈ ಕೆಲಸ ಒಂದು ವರ್ಷಕ್ಕೆ ಮುಗಿಯುವುದಿಲ್ಲ. ಇದಕ್ಕೆ ಉದ್ಘಾಟನೆಯ ಫಲಕವೂ ಇರುವುದಿಲ್ಲ, ಬಹುಶಃ ಅದಕ್ಕೇ ಯಾರೂ ಮಾಡುವುದಿಲ್ಲ.

ಚೀಟಿ ಬಂತು, ಸಮಯ ಮುಗಿಯಿತಂತೆ. ಸಿರುಗುಪ್ಪದ ಎರೆಲಡ್ಡು ಹಕ್ಕಿಯ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಮಾತು ಓಡಿಸಿಯೇ ಹೇಳಬೇಕು. ಹತ್ತು ಕಿಲೋ ಮೀರಿ ತೂಗುವ ಗಂಡು, ಕಣ್ಣು ಪಕ್ಕಕ್ಕೆ, ಎದುರಿನ ವಿದ್ಯುತ್ ತಂತಿ ತಡವಾಗಿ ಕಾಣುತ್ತದೆ, ತಿರುಗಲು ಜಾಗವಿಲ್ಲದೆ ಬಡಿದು ಸಾಯುತ್ತದೆ. ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬಯಲ ನೆಲದ ಮೇಲೆ. ತಂತಿ ನೆಲದಡಿ ಹಾಕಿ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತ್ ವಿಚಾರದಲ್ಲಿ ಹೇಳಿತು, 2024ರ ಮಾರ್ಚ್‌ನಲ್ಲಿ ಆದೇಶ ಸಡಿಲಿಸಿ ಪರಿಣತರ ಸಮಿತಿಗೆ ಒಪ್ಪಿಸಿತು. ಅದೇ ವರ್ಷ ಜೈಸಲ್ಮೇರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಬಂತು. ಆ ಮರಿ ಬೆಳೆದ ಮೇಲೆ ಬಿಡುವುದು ಎಲ್ಲಿಗೆ? ಮತ್ತೆ ಬಯಲಿಗೇ.

ಕುರಿಗಾಹಿ ಅಣ್ಣಂದಿರಿಗೆ ಒಂದೇ ಮಾತು. ದಡ್ಡಿಯ ನಾಯಿಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಚುಚ್ಚುಮದ್ದು, ಆಮೇಲೆ ವರ್ಷ ವರ್ಷ. ಡಿಸ್ಟೆಂಪರ್ ಎಂಬ ವೈರಸ್ ರೋಗದ್ದು ಆರೆಂಟು ವಾರದಿಂದಲೇ ಶುರು, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವ ತನಕ. ನಾಯಿಯ ರೋಗವೇ ತೋಳಕ್ಕೂ ದಾಟುವುದು. ಸತ್ತ ಕುರಿಗೆ ವಿಷ ಸವರಬೇಡಿ. ಅದನ್ನು ಮೊದಲು ತಿನ್ನುವುದು ನಿಮ್ಮ ನಾಯಿಯೇ.