ಓಡುತ್ತಿರುವ ಪ್ರೋಸೆಸ್ಸನ್ನೇ ಕೇಳಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರು ಹೆಚ್ಚುಕಮ್ಮಿ ಎಲ್ಲರೂ ಸರ್ವರ್ ನೋಡಿಕೊಳ್ಳುವವರೇ. ಹಾಗಾಗಿ ಯುಲಿಮಿಟ್, ಅಂದರೆ ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಎಷ್ಟು ಫೈಲ್, ಎಷ್ಟು ಮೆಮೊರಿ ಬಳಸಬಹುದು ಅನ್ನುವ ಮಿತಿ, ಅದನ್ನು ಮೊದಲಿಂದ ವಿವರಿಸಲು ಹೋಗುವುದಿಲ್ಲ. ಇವತ್ತು ನಾನು ಹೇಳಲೇಬೇಕಾದದ್ದು ಒಂದೇ ಮಾತು. ಲಿಮಿಟ್ ಎಷ್ಟಿದೆ ಅಂತ ಕಾನ್ಫಿಗ್ ಫೈಲನ್ನು ಕೇಳಬೇಡಿ, ನೀವು ಕಮಾಂಡ್ ಕೊಡುವ ಶೆಲ್ಲನ್ನೂ ಕೇಳಬೇಡಿ. ಓಡುತ್ತಿರುವ ಪ್ರೋಸೆಸ್ಸನ್ನೇ ಕೇಳಿ.

ಇದು ನನ್ನ ತಲೆಗೆ ಹತ್ತಿದ್ದು ಒಂದು ರಾತ್ರಿ. ನಾವು ನೋಡಿಕೊಳ್ಳುತ್ತಿದ್ದ ಡೇಟಾಬೇಸ್ ಹೊಸ ಕನೆಕ್ಷನ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು. ಲಾಗ್ ತೆಗೆದರೆ ಪುಟಗಟ್ಟಲೆ ಒಂದೇ ಸಾಲು: 'ಟೂ ಮೆನಿ ಓಪನ್ ಫೈಲ್ಸ್'. ಕನೆಕ್ಷನ್ ಕೂಡ ಫೈಲ್ ಲೆಕ್ಕಕ್ಕೇ ಬರುತ್ತದೆ. ಲಿಮಿಟ್ ಬರೆದಿಡುವ ಲಿಮಿಟ್ಸ್ ಡಾಟ್ ಕಾನ್ಫ್ ಫೈಲ್ ತೆರೆದು ನೋಫೈಲ್, ಅಂದರೆ ತೆರೆದಿಡಬಹುದಾದ ಫೈಲ್‌ಗಳ ಮಿತಿ, 65536 ಅಂತ ಬರೆದೆ. ಮತ್ತೆ ಲಾಗಿನ್ ಆಗಿ ಯುಲಿಮಿಟ್ ಕೊಟ್ಟೆ, ಅದೂ 65536 ಅಂತು. ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ಹತ್ತು ನಿಮಿಷ ಸುಮ್ನಿತ್ತು. ಆಮೇಲೆ ಮತ್ತೆ ಅದೇ ಸಾಲು.

ಜೊತೆಗಿದ್ದ ಹುಡುಗ 'ಸಾರ್, ಒಂದು ಲಕ್ಷ ಮಾಡೋಣ' ಅಂದ. ಮಾಡಿದೆವು, ಆಗಲಿಲ್ಲ. 'ಅನ್‌ಲಿಮಿಟೆಡ್ ಅಂತಲೇ ಬರೆದುಬಿಡೋಣ ಸಾರ್' ಅಂದ. ನಿದ್ದೆಗಣ್ಣು, ಬರೆದೇಬಿಟ್ಟೆವು. ಅಲ್ಲಿಂದ ಮುಂದೆ ಆ ಮೆಷಿನ್‌ಗೆ ನಮಗೇ ಲಾಗಿನ್ ಆಗಲು ಆಗಲಿಲ್ಲ! ನೋಫೈಲ್‌ಗೆ ಲಿನಕ್ಸ್‌ನ ತಿರುಳಾದ ಕರ್ನಲ್ ತನ್ನದೇ ಒಂದು ಗಡಿ ಇಟ್ಟಿರುತ್ತದೆ. ಯಾರೂ ಮುಟ್ಟದಿದ್ದರೆ ಅದು 1048576. ಅದನ್ನು ದಾಟಿ ಕೇಳಿದರೆ ಎಲ್ಲ ಅಧಿಕಾರವಿರುವ ರೂಟ್ ಯೂಸರ್‌ಗೂ ಕೊಡುವುದಿಲ್ಲ. ಲಾಗಿನ್ ನೋಡಿಕೊಳ್ಳುವ ಆಗಿನ ಪ್ಯಾಮ್ ಅಲ್ಲೇ ಮುಗ್ಗರಿಸಿ ಬಾಗಿಲು ಹಾಕಿಬಿಡುತ್ತಿತ್ತು. ಪುಣ್ಯಕ್ಕೆ ಹಳೆಯ ರೂಟ್ ಸೆಶನ್ ಒಂದು ಇನ್ನೂ ತೆರೆದಿತ್ತು. ಆ ವಿಂಡೋವನ್ನು ನಾವು ಎಷ್ಟು ಜೋಪಾನ ಮಾಡಿದೆವು ಅಂದರೆ, ಮೌಸ್ ಮುಟ್ಟಲೂ ಭಯ.

ಬೆಳಗಿನ ಜಾವ ಕೊನೆಗೆ ಡೇಟಾಬೇಸ್‌ನ ಪಿಐಡಿ (ಪ್ರೋಸೆಸ್ ನಂಬರ್) ಹಿಡಿದು, ಕರ್ನಲ್ ಪ್ರೋಸೆಸ್‌ಗಳ ಸ್ಥಿತಿ ತೋರಿಸುವ ಪ್ರೊಕ್ ಒಳಗೆ ಆ ನಂಬರಿನ ಫೋಲ್ಡರ್‌ನಲ್ಲಿರುವ ಲಿಮಿಟ್ಸ್ ಫೈಲ್ ಓದಿದೆ. ಓಪನ್ ಫೈಲ್ಸ್: ಸಾಫ್ಟ್ (ಈಗ ಜಾರಿಯಲ್ಲಿರುವ ಮಿತಿ) 1024, ಹಾರ್ಡ್ (ಪ್ರೋಸೆಸ್ ತಾನೇ ಏರಿಸಿಕೊಳ್ಳಬಹುದಾದ ಗರಿಷ್ಠ) 4096. ಇಡೀ ರಾತ್ರಿ ನಾವು ರಿಪೇರಿ ಮಾಡಿದ್ದು ನಮ್ಮ ಶೆಲ್ಲನ್ನು!

ಯಾಕೆ ಹೀಗೆ? ಲಿಮಿಟ್ ಹುಟ್ಟಿನಿಂದ ಬರುವಂಥದ್ದು. 1983ರ 4.2 ಬಿಎಸ್‌ಡಿ ಯುನಿಕ್ಸ್ ಕಾಲದಿಂದಲೂ ಹಾಗೇ. ಫೋರ್ಕ್ ಆದಾಗ, ಅಂದರೆ ಒಂದು ಪ್ರೋಸೆಸ್ ಇನ್ನೊಂದನ್ನು ಹುಟ್ಟಿಸಿದಾಗ, ಅಪ್ಪನ ಲಿಮಿಟ್ ಮಗನಿಗೆ ಬರುತ್ತದೆ, ಎಕ್ಸೆಕ್ ಆಗಿ ಒಳಗಿನ ಪ್ರೋಗ್ರಾಂ ಬದಲಾದರೂ ಹೋಗುವುದಿಲ್ಲ. ಲಿಮಿಟ್ಸ್ ಡಾಟ್ ಕಾನ್ಫ್ ಓದುವುದು ಪ್ಯಾಮ್, ಅದೂ ಲಾಗಿನ್ ಆಗುವ ಹೊತ್ತಿಗೆ. ಮೆಷಿನ್‌ನ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಂಡಿ ಶುರು ಮಾಡುವ ಸರ್ವಿಸ್ ಆ ಬಾಗಿಲಿಂದ ಬರುವುದೇ ಇಲ್ಲ, ಅಲ್ವಾ? ಅದಕ್ಕೆ ಆ ಸರ್ವಿಸ್‌ನ ಸಿಸ್ಟಂಡಿ ಕಾನ್ಫಿಗ್ ಆದ ಯೂನಿಟ್ ಫೈಲ್‌ನಲ್ಲೇ ಲಿಮಿಟ್ ನೋಫೈಲ್ ಸಾಲು ಬರೆಯಬೇಕು. ಬರೆದ ಮೇಲೂ ನಂಬಬೇಡಿ, ಪ್ರೋಸೆಸ್ಸನ್ನೇ ಕೇಳಿ.

ಸಾಫ್ಟ್ ಲಿಮಿಟ್ ಇವತ್ತಿಗೂ 1024ರಲ್ಲೇ ಯಾಕಿದೆ ಅಂತ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ತೆರೆದ ಫೈಲ್‌ಗಳಲ್ಲಿ ಯಾವುದು ಸಿದ್ಧವಿದೆ ಅಂತ ನೋಡುವ ಹಳೆಯ ಸೆಲೆಕ್ಟ್ ಕಾಲ್ ಇದೆಯಲ್ಲ, ಅದರ ಪಟ್ಟಿಯಲ್ಲಿ 1024 ಜಾಗ ಮಾತ್ರ. ಅದಕ್ಕಿಂತ ದೊಡ್ಡ ನಂಬರಿನ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ನ ಗುರುತು) ಕೊಟ್ಟರೆ ಪಕ್ಕದ ಮೆಮೊರಿ ಕೆಡುತ್ತದೆ. ಅದಕ್ಕೇ 2018ರಲ್ಲಿ ಸಿಸ್ಟಂಡಿ 240 ಬಂದಾಗ ಹಾರ್ಡ್ ಲಿಮಿಟ್ಟನ್ನು 524288ಕ್ಕೆ ಏರಿಸಿದರು, ಸಾಫ್ಟ್ ಮಾತ್ರ ಮುಟ್ಟಲಿಲ್ಲ. ಜಾಸ್ತಿ ಬೇಕಾದ ಪ್ರೋಗ್ರಾಂ ತಾನೇ ಹಾರ್ಡ್‌ವರೆಗೆ ಏರಿಸಿಕೊಳ್ಳಲಿ ಅಂತ. ನನ್ನ ಮಟ್ಟಿಗೆ ತುಂಬಾ ಜವಾಬ್ದಾರಿಯ ನಿರ್ಧಾರ ಅದು. ಸುಮ್ನೆ ಎಲ್ಲ ಕಡೆ ಸಾಫ್ಟ್ ಏರಿಸುವವರು ಇದನ್ನು ನೆನಪಿಡಬೇಕು.

ಐದೇ ನಿಮಿಷ ಅಂತ ಚೀಟಿ ಬಂದಿದೆ. ಪ್ರೋಸೆಸ್‌ಗಳ ಸಂಖ್ಯೆಗೆ ಮಿತಿ ಹಾಕುವ ಎನ್‌ಪ್ರಾಕ್ ಬಗ್ಗೆ ಒಂದೇ ಮಾತು: ಅದು ಲೆಕ್ಕ ಹಾಕುವುದು ಇಡೀ ಯೂಸರ್‌ದು, ಥ್ರೆಡ್ಡುಗಳೂ ಸೇರಿ. ಒಂದೇ ಯೂಸರ್ ಹೆಸರಲ್ಲಿ ನಾಲ್ಕು ಸರ್ವಿಸ್ ಓಡಿಸಿದರೆ ಒಂದರ ತಪ್ಪಿಗೆ ಇನ್ನೊಂದು ಸಾಯುತ್ತದೆ. ಮೆಮೊರಿಗೆ ಸಿಗ್ರೂಪ್ (ಪ್ರೋಸೆಸ್‌ಗಳ ಗುಂಪಿಗೆ ಒಟ್ಟಾಗಿ ಮಿತಿ ಹಾಕುವ ವ್ಯವಸ್ಥೆ) ಬಳಸಿ, ಮೆಮೊರಿಯ ವಿಷಯದಲ್ಲಿ ಯುಲಿಮಿಟ್ ಒಂದೊಂದೇ ಪ್ರೋಸೆಸ್ ನೋಡುತ್ತದೆ, ಒಟ್ಟು ನೋಡುವುದಿಲ್ಲ. ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂ ಬಳಸುವವರಿಗೆ ಲಿಮಿಟ್ ಬರೆಯಲು ಲಾಗಿನ್ ಡಾಟ್ ಕಾನ್ಫ್ ಇದೆ. ಬದಲಾಯಿಸಿದ ಮೇಲೆ ಕ್ಯಾಪ್ ಎಂಕೆಡಿಬಿ ಕಮಾಂಡ್ ಓಡಿಸಲು ಮರೆಯಬೇಡಿ.

ಏರಿಸುವ ಮೊದಲು ಪ್ರೊಕ್ ಒಳಗೆ ಆ ಪಿಐಡಿಯ ಎಫ್‌ಡಿ ಫೋಲ್ಡರ್‌ನಲ್ಲಿ ಎಷ್ಟು ಫೈಲ್ ತೆರೆದಿವೆ ಅಂತ ಎಣಿಸಿ. ಐದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಕೆಲಸ ಜಾಸ್ತಿಯಾಗದೆ ಎಣಿಕೆ ಮಾತ್ರ ಏರುತ್ತಲೇ ಇದ್ದರೆ ಅದು ಲೀಕ್, ಅಂದರೆ ತೆರೆದದ್ದನ್ನು ಪ್ರೋಗ್ರಾಂ ಮುಚ್ಚುತ್ತಿಲ್ಲ. ಎಷ್ಟು ಲಿಮಿಟ್ ಕೊಟ್ಟರೂ ತುಂಬುತ್ತದೆ.

ಲ್ಯಾಪ್‌ಟಾಪ್ ತಂದವರು ಈಗಲೇ ನಿಮ್ಮ ಸರ್ವರ್‌ನ ಒಂದು ಪಿಐಡಿ ಹಿಡಿದು ಆ ಲಿಮಿಟ್ಸ್ ಫೈಲ್ ಓದಿ. ಎಷ್ಟು ತೋರಿಸುತ್ತಿದೆ? ಹಿಂದಿನ ಸಾಲಿನವರು ಸ್ವಲ್ಪ ಜೋರಾಗಿ ಹೇಳಿ.